ಬಡ್ಡಿ ಸೊನ್ನೆ, ಇಂಟರೆಸ್ಟ್ ಸೊನ್ನೆಯಲ್ಲ

(ಬಣಕಲ್‌ನಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕಾಫಿ ಬೆಲೆ, ಗೊಬ್ಬರದ ಬೆಲೆ, ಆಳಿನ ಕೂಲಿ ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿ ಕೂತಿದ್ದೀರಿ. ಆದ್ದರಿಂದ ನಾನು ಇವತ್ತು ಒಂದೇ ಒಂದು ಇಂಗ್ಲಿಷ್ ಮಾತಿನ ಬಗ್ಗೆ ಹೇಳಿ ಕೂತುಬಿಡ್ತೀನಿ. ರೈತರ ಸಭೇಲಿ ಇಂಗ್ಲಿಷ್ ಪಾಠ ಯಾಕಪ್ಪ ಅಂತ ಕೇಳಬೇಡಿ. ಈ ಮಾತು ನಿಮ್ಮ ಸಾಲದ ಪತ್ರದಲ್ಲಿ ಕೂತಿದೆ, ಪಹಣಿಯ ಹಿಂದೆ ಕೂತಿದೆ, ನೋಟೀಸಿನಲ್ಲಿ ಕೂತಿದೆ. ಅದರ ಕೆಳಗೆ ನೀವು ರುಜು ಹಾಕಿದ್ದೀರಿ. ಆ ಮಾತು ‘ಇಂಟರೆಸ್ಟ್’.

‘ಇಂಟರೆಸ್ಟ್ ಅಂದ್ರೆ ಬಡ್ಡಿ, ಅದರಲ್ಲೇನಿದೆ’ ಅಂತೀರಿ. ಇರಲಿ. ಈಗ ಊರೂರಿಗೆ ಫೋನು ಬರುತ್ತಲ್ಲ, ಅದನ್ನೇ ತಗೊಳ್ಳಿ. ಆ ಕಡೆಯಿಂದ ಒಬ್ಬ ಹುಡುಗಿ ‘ಸಾರ್, ನಮ್ಮ ಲೋನ್ ಬಗ್ಗೆ ನಿಮಗೆ ಇಂಟರೆಸ್ಟ್ ಇದೆಯಾ?’ ಅಂತಾಳೆ. ನಮ್ಮವರು ‘ಇಂಟರೆಸ್ಟ್ ಎಷ್ಟಮ್ಮ?’ ಅಂತಾರೆ. ‘ಮೊದಲು ನಿಮಗೆ ಇಂಟರೆಸ್ಟ್ ಇದ್ದರೆ ಹೇಳಿ ಸಾರ್, ಆಮೇಲೆ ಇಂಟರೆಸ್ಟ್ ಹೇಳ್ತೀನಿ’ ಅಂತಾಳೆ. ಇಬ್ಬರೂ ಒಂದೇ ಮಾತು ಆಡ್ತಿದ್ದಾರೆ, ಅರ್ಥ ಮಾತ್ರ ಬೇರೆ ಬೇರೆ. ಅವಳ ಬಾಯಲ್ಲಿ ಅದು ಆಸಕ್ತಿ, ಇವರ ಬಾಯಲ್ಲಿ ಬಡ್ಡಿ. ಹೆಣ್ಣು ನೋಡಿ ಬಂದ ಹುಡುಗ ‘ಇಂಟರೆಸ್ಟ್ ಇಲ್ಲ’ ಅಂದರೆ ಅವನು ಬಡ್ಡಿ ಬಿಟ್ಟುಕೊಟ್ಟ ಅಂತ ಯಾರೂ ತಿಳಿಯೋದಿಲ್ಲ. ಮಾತಾಡುವಾಗ ನಮಗೆ ಗೊಂದಲ ಆಗೋದಿಲ್ಲ. ಗೊಂದಲ ಆಗೋದು ಕಾಗದದ ಮೇಲೆ. ಅಲ್ಲಿ ಇದೇ ಮಾತಿಗೆ ಇನ್ನೂ ಎರಡು ಅರ್ಥ ಇದೆ. ಒಂದು ಹಕ್ಕು, ಇನ್ನೊಂದು ಹಿತ. ಬಡ್ಡಿ, ಹಕ್ಕು, ಹಿತ ಈ ಮೂರನ್ನೂ ಇಂಗ್ಲಿಷಿನವನು ಒಂದೇ ಚೀಲಕ್ಕೆ ತುಂಬಿ ಹೊಲಿದಿದ್ದಾನೆ. ನಾವು ಚೀಲದ ಬಾಯಲ್ಲಿ ಕಂಡ ಬಡ್ಡಿಯನ್ನಷ್ಟೇ ನೋಡಿ ರುಜು ಹಾಕ್ತೀವಿ. ನಾನು ಹೇಳಬೇಕಾದ್ದು ಇಷ್ಟೆ. ಇನ್ನು ಚೀಲ ಬಿಚ್ಚಿ ನೋಡೋಣ.

ಮೊದಲು ಈ ಮಾತು ಎಲ್ಲಿಂದ ಬಂತು ಅಂತ ನೋಡೋಣ. ನಮ್ಮ ‘ಬಡ್ಡಿ’ ಬಂದದ್ದು ಸಂಸ್ಕೃತದ ‘ವೃದ್ಧಿ’ಯಿಂದ. ವೃದ್ಧಿ ಎಂದರೆ ಬೆಳೆಯೋದು. ದುಡ್ಡು ಬೆಳೆಯುತ್ತದೆ, ಕರು ಹಾಕುತ್ತದೆ ಎಂಬ ಭಾವನೆ ಅದರಲ್ಲಿದೆ. ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ, ದೇವಸ್ಥಾನಕ್ಕೆ ಇಂತಿಷ್ಟು ಗದ್ಯಾಣ ಕೊಟ್ಟು, ಅಸಲು ಮುಟ್ಟದೆ ಬರೀ ಬಡ್ಡಿಯಿಂದ ನಂದಾದೀಪ ಉರಿಸಬೇಕು ಅಂತ ಕಟ್ಟು ಮಾಡಿದ್ದು ಸಿಗುತ್ತದೆ. ಬಡ್ಡಿಯಿಂದ ದೀಪ ಉರಿದದ್ದೂ ಉಂಟು, ಮನೆ ಉರಿದದ್ದೂ ಉಂಟು.

ಇಂಗ್ಲಿಷಿನ ಇಂಟರೆಸ್ಟ್‌ಗೆ ಮೂಲ ಲ್ಯಾಟಿನ್ ಭಾಷೆ. ‘ಇಂಟರ್’ ಎಂದರೆ ನಡುವೆ, ‘ಎಸ್ಸೆ’ ಎಂದರೆ ಇರುವುದು. ಎರಡೂ ಸೇರಿ ‘ನಡುವೆ ಇರುವುದು’. ಯೂರೋಪಿನಲ್ಲಿ ಮಧ್ಯಯುಗದಲ್ಲಿ ಕ್ರೈಸ್ತ ಧರ್ಮಪೀಠ ಬಡ್ಡಿಯನ್ನು ಪಾಪ ಅಂತ ನಿಷೇಧಿಸಿತ್ತು. ಆಗ ಸಾಲ ಕೊಟ್ಟವರು ಒಂದು ದಾರಿ ಹುಡುಕಿದರು. ‘ನಾನು ಬಡ್ಡಿ ಕೇಳ್ತಿಲ್ಲ. ನೀನು ಹೇಳಿದ ದಿನಕ್ಕೆ ಹಣ ಕೊಡಲಿಲ್ಲ. ಕೊಟ್ಟಿದ್ದರೆ ನನ್ನ ಸ್ಥಿತಿ ಹೇಗಿರುತ್ತಿತ್ತು, ಈಗ ಹೇಗಿದೆ, ಆ ಎರಡರ ನಡುವಿನ ನಷ್ಟ ತುಂಬಿಕೊಡು’ ಎಂದರು. ಆ ನಡುವಿನ ಅಂತರಕ್ಕೇ ಇಂಟರೆಸ್ಟ್ ಎಂದು ಹೆಸರು. ಅಂದರೆ ಹುಟ್ಟಿನಲ್ಲಿ ಅದು ತಡ ಮಾಡಿದ್ದಕ್ಕೆ ತುಂಬಿಕೊಡುವ ನಷ್ಟ, ದುಡ್ಡಿನ ಕರು ಅಲ್ಲ. ಕಾಲ ಕಳೆದಂತೆ ಆ ಹೆಸರೇ ಎಲ್ಲ ಬಡ್ಡಿಗೂ ಅಂಟಿತು.

ಈಗ ಮೊದಲನೆಯ ಅರ್ಥ, ಬಡ್ಡಿ. ಈ ಒಂದು ಅರ್ಥದ ಹೊಟ್ಟೆಯಲ್ಲೇ ನಾಲ್ಕಾರು ಅರ್ಥಗಳಿವೆ. ನಮ್ಮ ಕಡೆ ಸಾಹುಕಾರನ ಹತ್ರ ‘ಎರಡು ರೂಪಾಯಿ ಬಡ್ಡಿ’ ಅಂದರೆ ನೂರಕ್ಕೆ ತಿಂಗಳಿಗೆ 2 ರೂಪಾಯಿ. ವರ್ಷಕ್ಕೆ 24 ಆಯಿತು. ಬ್ಯಾಂಕಿನವರು ಶೇಕಡಾ 12 ಅಂದರೆ ಅದು ವರ್ಷದ ಲೆಕ್ಕ. 2 ಚಿಕ್ಕದು 12 ದೊಡ್ಡದು ಅಂತ ತಿಳಿದು ಸಾಹುಕಾರನ ಬಾಗಿಲಿಗೆ ಹೋದವರು ಎಷ್ಟು ಜನ ಇಲ್ಲ? ಇನ್ನು ಬಡ್ಡಿ ಮುರಿದುಕೊಂಡು ಕೊಡುವವರ ವಿಚಾರ. ಹತ್ತು ಸಾವಿರಕ್ಕೆ ಬರೆಸಿಕೊಂಡು ಕೈಗೆ ಒಂಬತ್ತು ಸಾವಿರ ಇಡ್ತಾರೆ. ಬಡ್ಡಿ ಹತ್ತು ಸಾವಿರದ ಮೇಲೆ ನಡೆಯುತ್ತದೆ, ತೋಟಕ್ಕೆ ಬಿದ್ದದ್ದು ಒಂಬತ್ತೇ.

ವಾರದ ಕಂತು, ತಿಂಗಳ ಕಂತು ಕಟ್ಟಿಸಿಕೊಳ್ಳುವ ಕೆಲವರು ‘ಫ್ಲಾಟ್ ರೇಟು’ ಅಂತಾರೆ. ಒಂದು ಲಕ್ಷ ಸಾಲ, ಫ್ಲಾಟ್ 12, ಒಂದು ವರ್ಷ. ಬಡ್ಡಿ 12 ಸಾವಿರ. ಒಟ್ಟು 1,12,000 ರೂಪಾಯಿಯನ್ನು 12 ಕಂತು ಮಾಡಿದರೆ ತಿಂಗಳಿಗೆ 9,333 ರೂಪಾಯಿ ಚಿಲ್ಲರೆ. ನೋಡೋಕೆ ಸರಳ. ಆದರೆ ಮೊದಲ ತಿಂಗಳಿಂದಲೇ ನೀವು ಅಸಲನ್ನೂ ತೀರಿಸ್ತಾ ಬರ್ತೀರಿ. ಆರು ತಿಂಗಳು ಕಳೆಯುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಸಾಲ ತೀರಿರುತ್ತದೆ. ಆದರೂ ಪೂರ್ತಿ ಒಂದು ಲಕ್ಷಕ್ಕೆ ಬಡ್ಡಿ ಹಾಕ್ತಾರೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಆ 12 ಅನ್ನೋದು 21 ದಾಟುತ್ತದೆ.

ಇನ್ನು ಚಕ್ರಬಡ್ಡಿ. ಹತ್ತು ಲಕ್ಷ ಸಾಲ, ಶೇಕಡಾ 12, ಐದು ವರ್ಷ ಏನೂ ಕಟ್ಟಲಿಲ್ಲ ಅಂತ ಇಟ್ಟುಕೊಳ್ಳಿ. ಸರಳ ಬಡ್ಡಿಯಾದರೆ ಕೊನೆಗೆ ಕಟ್ಟಬೇಕಾದ್ದು 16 ಲಕ್ಷ. ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿದರೆ 17 ಲಕ್ಷದ 62 ಸಾವಿರ. ಮೂರು ತಿಂಗಳಿಗೊಮ್ಮೆ ಸೇರಿಸಿದರೆ 18 ಲಕ್ಷದ 6 ಸಾವಿರ. ದರ ಅದೇ ಹನ್ನೆರಡು, ಮಾತು ಅದೇ ಇಂಟರೆಸ್ಟ್. ಬಡ್ಡಿಯನ್ನು ಯಾವಾಗ ಅಸಲಿನ ಪಂಕ್ತಿಗೆ ಕೂರಿಸಿದರು ಅನ್ನುವುದರಲ್ಲೇ ಎರಡು ಲಕ್ಷದ ವ್ಯತ್ಯಾಸ ಬಂತು.

ಇದು ಬರೀ ಲೆಕ್ಕದ ಮಾತಲ್ಲ, ನ್ಯಾಯದ ಮಾತು. ವ್ಯಾಪಾರಿಗೆ ದಿನಾ ಗಲ್ಲಕ್ಕೆ ದುಡ್ಡು ಬೀಳುತ್ತದೆ, ನೌಕರನಿಗೆ ತಿಂಗಳಿಗೊಮ್ಮೆ ಸಂಬಳ. ಕಾಫಿ ಬೆಳೆಗಾರನಿಗೆ ವರ್ಷಕ್ಕೆ ಒಂದೇ ಬೆಳೆ. ಹೂವಿನ ಮಳೆ ಸರಿಯಾಗಿ ಬಿದ್ದು, ಆಮೇಲೆ ಮಳೆಗಾಲದಲ್ಲಿ ಕೊಳೆರೋಗ ಬರದೆ, ಕೊಯ್ಲಿನ ಹೊತ್ತಿಗೆ ಕಣದಲ್ಲಿ ಹಾಕಿದ ಕಾಫಿ ನೆನೆಯದೆ ಇದ್ದರೆ ಅವನ ಕೈಗೆ ಕಾಸು. ಅವನಿಗೆ ಮೂರು ತಿಂಗಳಿಗೊಮ್ಮೆ ಬಡ್ಡಿ ಕಟ್ಟು ಅಂದರೆ ಎಲ್ಲಿಂದ ತರಬೇಕು? ಇದನ್ನು ನಾವು ಮಾತ್ರ ಕೇಳಿದ್ದಲ್ಲ, ಸುಪ್ರೀಂ ಕೋರ್ಟೂ ಕೇಳಿದೆ. 1994ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಒಂದು ಬ್ಯಾಂಕ್ ಪ್ರಕರಣದಲ್ಲಿ, ಕೃಷಿ ಸಾಲಕ್ಕೆ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಹಾಕುವುದು ಸರಿಯಲ್ಲ ಎಂದು ಹೇಳಿತು. 2001ರಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಮತ್ತೆ ಈ ವಿಚಾರ ನೋಡಿತು. ಬ್ಯಾಂಕುಗಳು ಬಡ್ಡಿಯನ್ನು ಅಸಲಿಗೆ ಸೇರಿಸಬಹುದು ಎಂದು ಒಪ್ಪಿತು. ಆದರೆ ಕೃಷಿ ಸಾಲವೇ ಬೇರೆ. ಆ ಭಾಗದ ಬೆಳೆಯ ಸರದಿ ನೋಡಿ ವರ್ಷಕ್ಕೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಮಾತ್ರ ಸೇರಿಸಬೇಕು ಎಂದಿತು. ದಂಡದ ಬಡ್ಡಿಯನ್ನಂತೂ ಅಸಲಿಗೆ ಸೇರಿಸುವ ಹಾಗೇ ಇಲ್ಲ ಎಂದಿತು. ಕಾಫಿ ವರ್ಷಕ್ಕೊಂದೇ ಬೆಳೆ. ಹಾಗಾದರೆ ನಮಗೆ ವರ್ಷಕ್ಕೊಮ್ಮೆ ಲೆಕ್ಕ ಅಂತ ಕೇಳುವುದು ದಯೆ ಬೇಡಿದ ಹಾಗಲ್ಲ, ತೀರ್ಪು ಹೇಳಿದ ನ್ಯಾಯವನ್ನೇ ಕೇಳಿದ ಹಾಗೆ.

ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಇನ್ನೊಂದು ಸುತ್ತೋಲೆ ಹೊರಡಿಸಿತು. ಕಂತು ತಪ್ಪಿದ್ದಕ್ಕೆ ದಂಡ ಹಾಕುವುದಾದರೆ ಅದನ್ನು ದಂಡ ಎಂದೇ ಬೇರೆ ಬರೆಯಬೇಕು, ಬಡ್ಡಿ ದರಕ್ಕೆ ಸೇರಿಸಿ ‘ಇಂಟರೆಸ್ಟ್’ ಎಂದು ಕರೆಯಬಾರದು, ದಂಡದ ಮೇಲೆ ಮತ್ತೆ ಬಡ್ಡಿ ಹಾಕಬಾರದು ಎಂದು ಬ್ಯಾಂಕುಗಳಿಗೆ ಹೇಳಿತು. 2024ರಿಂದ ಇದು ಜಾರಿಯಲ್ಲಿದೆ. ನೋಡಿ, ದಂಡವನ್ನು ಇಂಟರೆಸ್ಟ್ ಎಂಬ ಹೆಸರಿನೊಳಗೆ ಅಡಗಿಸಿಟ್ಟಿದ್ದಾರೆ ಅಂತ ದೇಶದ ದೊಡ್ಡ ಬ್ಯಾಂಕೇ ಒಪ್ಪಿಕೊಂಡ ಹಾಗಾಯ್ತು.

ಇನ್ನೊಂದು ಹಳೆಯ ಕಟ್ಟಳೆ ಹೇಳ್ತೀನಿ. ನಮ್ಮ ಧರ್ಮಶಾಸ್ತ್ರಗಳಲ್ಲಿ ಬಂದು, ಬ್ರಿಟಿಷರ ಕಾಲದಲ್ಲೂ ಬೊಂಬಾಯಿ ಪ್ರಾಂತ್ಯದ ಕೋರ್ಟುಗಳು ಪಾಲಿಸುತ್ತಿದ್ದ ನಿಯಮ ಅದು. ಹೆಸರು ದಾಮದುಪ್ಪಟ್. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು, ಅಂದರೆ ಒಟ್ಟು ಎರಡರಷ್ಟಕ್ಕೆ ನಿಲ್ಲಬೇಕು. ಆ ಹಳೆಯ ನ್ಯಾಯದ ಒಂದು ತುಂಡು ಈಗಲೂ ಬದುಕಿದೆ. ಸಣ್ಣ ಮತ್ತು ಅತಿ ಸಣ್ಣ ರೈತರ ಅಲ್ಪಾವಧಿ ಸಾಲದಲ್ಲಿ, ಖಾತೆಗೆ ಹಾಕಿದ ಒಟ್ಟು ಬಡ್ಡಿ ಅಸಲಿಗಿಂತ ಹೆಚ್ಚಾಗಬಾರದು ಎಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸೂಚನೆ ಕೊಟ್ಟಿದೆ. ಸಣ್ಣ ರೈತ ಎಂದರೆ ಎರಡು ಹೆಕ್ಟೇರ್, ಅಂದರೆ ಸುಮಾರು ಐದು ಎಕರೆ ಒಳಗಿನವನು. ಈ ಸಭೆಯಲ್ಲಿ ಅಂಥವರೇ ಹೆಚ್ಚು. ನಿಮ್ಮಲ್ಲಿ ಎಷ್ಟು ಜನ ಬ್ಯಾಂಕಿನಲ್ಲಿ ಈ ಸೂಚನೆ ನೆನಪು ಮಾಡಿದ್ದೀರಿ?

ಬಡ್ಡಿ ಅಸಲಾಗುವ ಕಥೆ ಕಾಫಿ ಸೀಮೆಗೆ ಹೊಸದಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಮುರಿದು ಬಿತ್ತು. 1942ರಿಂದ ಇದ್ದ ಕಾಫಿ ಬೋರ್ಡಿನ ಪೂಲ್ ಪದ್ಧತಿಯನ್ನು 1992ರಿಂದ ಸಡಿಲಿಸುತ್ತ ಬಂದು 1996ಕ್ಕೆ ಪೂರ್ತಿ ಮುಕ್ತ ಮಾರಾಟ ಮಾಡಿದರು. ಆಮೇಲೆ ವಿಯೆಟ್ನಾಂ ದೇಶದ ರೋಬಸ್ಟಾ ಜಗತ್ತಿನ ಮಾರುಕಟ್ಟೆಗೆ ಹರಿದು ಬಂತು. ಸುಮಾರು 2000ದಿಂದ 2004ರವರೆಗೆ ಬೆಲೆ ನೆಲ ಕಚ್ಚಿತು. ಕಟ್ಟಲಾರದ ಸಾಲಗಳನ್ನು ಸೇರಿಸಿ 2002ರಲ್ಲಿ ‘ವಿಶೇಷ ಕಾಫಿ ಅವಧಿ ಸಾಲ’ ಅಂತ ಮಾಡಿದರು. 2005ರಲ್ಲಿ ಅದನ್ನು ಮತ್ತೆ ಮರುಹೊಂದಿಸಿದರು. 2010ರಲ್ಲಿ ಕಾಫಿ ಸಾಲ ಪರಿಹಾರದ ಯೋಜನೆ ಬಂತು. ಉಸಿರಾಡಲು ಸಮಯ ಸಿಕ್ಕಿದ್ದು ನಿಜ, ಇಲ್ಲ ಅನ್ನೋದಿಲ್ಲ. ಆದರೆ ಸಾಲ ಮರುಹೊಂದಿಸುವಾಗ ಸಾಮಾನ್ಯವಾಗಿ ಏನಾಗುತ್ತದೆ? ಬಾಕಿ ನಿಂತ ಬಡ್ಡಿ ಹೊಸ ಸಾಲದ ಅಸಲಿನ ಜಾಗದಲ್ಲಿ ಹೋಗಿ ಕೂರುತ್ತದೆ. ನಿನ್ನೆ ಬಡ್ಡಿ ಆಗಿದ್ದದ್ದು ಇವತ್ತು ಅಸಲು, ಅದಕ್ಕೆ ನಾಳೆ ಮತ್ತೆ ಬಡ್ಡಿ. ಬೆಲೆ ಬಿದ್ದ ವರ್ಷದ ಸಾಲವನ್ನು ಬೆಲೆ ಎದ್ದ ವರ್ಷಕ್ಕೆ ಹೊತ್ತುಕೊಂಡು ಹೋಗ್ತೀವಿ. 2024-25ರ ಹಂಗಾಮಿನಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಾಗ ಪೇಟೆಯವರು ‘ಕಾಫಿ ತೋಟದವರಿಗೇನು ಬಿಡಿ’ ಅಂದರು. ಆ ಚೀಲದ ಹಣದಲ್ಲಿ ಹಿಂದಿನ ಎಷ್ಟು ವರ್ಷದ ಬಡ್ಡಿ ಇತ್ತು ಅಂತ ಅವರಿಗೇನು ಗೊತ್ತು?

ಇಷ್ಟು ಬಡ್ಡಿಯ ಮಾತಾಯ್ತು. ಈಗ ಎರಡನೆಯ ಅರ್ಥಕ್ಕೆ ಬರ್ತೀನಿ, ಹಕ್ಕು. ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ.

ಕಾನೂನಿನ ಭಾಷೆಯಲ್ಲಿ ಜಮೀನಿನ ಮೇಲೆ ಒಬ್ಬನಿಗೆ ಇರುವ ಯಾವ ಹಕ್ಕಿಗಾದರೂ ‘ಇಂಟರೆಸ್ಟ್’ ಅಂತ ಹೆಸರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಮು ಅಡಮಾನ ಎಂದರೇನು ಎಂದು ಹೇಳುತ್ತದೆ. ಸಾಲಕ್ಕೆ ಭದ್ರತೆಯಾಗಿ ಜಮೀನಿನಲ್ಲಿರುವ ಒಂದು ಇಂಟರೆಸ್ಟನ್ನು ಸಾಲ ಕೊಟ್ಟವನಿಗೆ ವರ್ಗ ಮಾಡುವುದೇ ಅಡಮಾನ. ‘ಜಮೀನು ನನ್ನದೇ, ಪತ್ರ ಮಾತ್ರ ಬ್ಯಾಂಕಿನಲ್ಲಿದೆ’ ಅಂತ ನಾವು ಹೇಳ್ತೀವಿ. ಕಾನೂನು ಹಾಗೆ ಹೇಳೋದಿಲ್ಲ. ಪತ್ರದ ಜೊತೆಗೆ ಜಮೀನಿನ ಹಕ್ಕಿನ ಒಂದು ಪಾಲೂ ಬ್ಯಾಂಕಿಗೆ ಹೋಗಿದೆ ಅನ್ನುತ್ತದೆ. ನಿಮ್ಮ ಹತ್ತಿರ ಉಳಿದದ್ದು ಸ್ವಾಧೀನ, ಉಳುಮೆ, ಮತ್ತು ಸಾಲ ತೀರಿಸಿ ಬಿಡಿಸಿಕೊಳ್ಳುವ ಹಕ್ಕು. ಬಿಡಿಸಿಕೊಳ್ಳುವ ಆ ಹಕ್ಕೂ ಒಂದು ಇಂಟರೆಸ್ಟೇ. ಅದು ನಿಮ್ಮದು. ಅದನ್ನು ಮರೀಬೇಡಿ.

ನಿಮ್ಮ ಪಹಣಿ ತೆಗೆದು 11ನೇ ಕಾಲಂ ನೋಡಿ. ಅಲ್ಲಿ ಇತರೆ ಹಕ್ಕುಗಳು, ಋಣಗಳು ಎಂದಿದೆ. ಹಕ್ಕು ಮತ್ತು ಋಣ ಒಂದೇ ಕಾಲಮ್ಮಿನಲ್ಲಿ ಅಕ್ಕಪಕ್ಕ. ನಿಮ್ಮ ಋಣ ಅಂತ ಬರೆದದ್ದು ಬ್ಯಾಂಕಿನ ಹಕ್ಕು. ಇಂಟರೆಸ್ಟ್ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಟೀಕೆ ಯಾವ ಪಂಡಿತನೂ ಬರೆಯಲಾರ. ಈ ಹಕ್ಕು ಬರೆಸಿಕೊಳ್ಳಲು ದೊಡ್ಡ ರಿಜಿಸ್ಟ್ರಿ ಸಹ ಬೇಕಿಲ್ಲ. 1974ರ ಕರ್ನಾಟಕ ಕೃಷಿ ಸಾಲ ವ್ಯವಹಾರಗಳ ಕಾಯ್ದೆಯ ಪ್ರಕಾರ ರೈತ ಒಂದು ಘೋಷಣೆ ಬರೆದುಕೊಟ್ಟರೆ ಜಮೀನಿನ ಮೇಲೆ ಬ್ಯಾಂಕಿನ ಋಣಭಾರ ನಿಲ್ಲುತ್ತದೆ. ಹತ್ತು ಕಾಗದದ ನಡುವೆ ಅದೂ ಒಂದು ಕಾಗದ.

ಇಲ್ಲಿಗೆ ಬಂತು ನನ್ನ ಮಾತಿನ ಮುಖ್ಯ ಅಂಶ. 2023ರ ಜುಲೈ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಸಹಕಾರ ಸಂಘಗಳ ಸೊನ್ನೆ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಒಳ್ಳೆಯದು, ಉಪಯೋಗಿಸಿಕೊಳ್ಳಿ. ಆದರೆ ಆ ಬಡ್ಡಿಯನ್ನು ನಿಮ್ಮ ಪರವಾಗಿ ಸರ್ಕಾರ ಕಟ್ಟುವುದು ನೀವು ವಾಯಿದೆಯೊಳಗೆ ಸಾಲ ತೀರಿಸಿದರೆ ಮಾತ್ರ. ವಾಯಿದೆ ತಪ್ಪಿತೋ, ಸೊನ್ನೆಯ ಹಿಂದೆ ಅಂಕಿ ಬಂದು ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಸೊನ್ನೆ ಆಗಿರುವುದು ಬಡ್ಡಿ ಮಾತ್ರ. ಭೂಮಿಯನ್ನು ಭದ್ರತೆಗೆ ಕೊಟ್ಟಿದ್ದರೆ, ಆ ಭೂಮಿಯ ಮೇಲಿನ ಹಕ್ಕು ಸೊನ್ನೆ ಆಗಿಲ್ಲ. ಬಡ್ಡಿ ಸೊನ್ನೆ, ಇಂಟರೆಸ್ಟ್ ಸೊನ್ನೆಯಲ್ಲ.

ಆ ಹಕ್ಕಿನ ಹಲ್ಲು ಎಲ್ಲಿದೆ ಗೊತ್ತೇ? 2002ರಲ್ಲಿ ಪಾರ್ಲಿಮೆಂಟು ಮಾಡಿದ ಸರ್ಫೇಸಿ ಕಾಯ್ದೆಯಲ್ಲಿದೆ. ಆ ಉದ್ದ ಹೆಸರಿನ ಕೊನೆಯ ಎರಡು ಮಾತು ‘ಸೆಕ್ಯೂರಿಟಿ ಇಂಟರೆಸ್ಟ್’. ನಮ್ಮವರು ಅದನ್ನು ಕೇಳಿ ‘ಭದ್ರವಾದ ಬಡ್ಡಿ’ ಅಂತ ತಿಳಿದರೆ ತಪ್ಪು ಅವರದ್ದಲ್ಲ. ಅದರ ಅರ್ಥ ಭದ್ರತೆಗೆ ಕೊಟ್ಟ ಆಸ್ತಿಯ ಮೇಲೆ ಸಾಲ ಕೊಟ್ಟವನಿಗಿರುವ ಹಕ್ಕು. ಮೊದಲು ಬ್ಯಾಂಕು ಆಸ್ತಿ ಹರಾಜು ಹಾಕಬೇಕಾದರೆ ಕೋರ್ಟಿಗೆ ಹೋಗಿ ದಾವೆ ಹೂಡಿ ಡಿಕ್ರಿ ತರಬೇಕಿತ್ತು. ಈ ಕಾಯ್ದೆ ಬಂದ ಮೇಲೆ, ಸಾಲ ವಸೂಲಾಗದ ಖಾತೆ ಎಂದು ಬರೆದುಕೊಂಡ ನಂತರ, 13ನೇ ಕಲಮಿನ ಪ್ರಕಾರ 60 ದಿನದ ನೋಟೀಸು ಕೊಟ್ಟು, ಕೋರ್ಟಿನ ಡಿಕ್ರಿ ಇಲ್ಲದೆಯೇ ಆಸ್ತಿಯನ್ನು ಸ್ವಾಧೀನಕ್ಕೆ ತಗೊಂಡು ಮಾರಬಹುದು. 2020ರಲ್ಲಿ ಸುಪ್ರೀಂ ಕೋರ್ಟು ಸಹಕಾರಿ ಬ್ಯಾಂಕುಗಳಿಗೂ ಈ ಕಾಯ್ದೆ ಅನ್ವಯಿಸುತ್ತದೆ ಎಂದಿತು.

ಹಾಗಾದರೆ ರೈತ ಉಳಿಯೋದು ಹೇಗೆ? ಆ ಕಾಯ್ದೆಯಲ್ಲೇ 31ನೇ ಕಲಮು ಒಂದು ಬೇಲಿ ಹಾಕಿದೆ. ಕೃಷಿ ಜಮೀನಿನ ಮೇಲಿನ ಸೆಕ್ಯೂರಿಟಿ ಇಂಟರೆಸ್ಟಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಸಾಲ 1 ಲಕ್ಷ ಮೀರದಿದ್ದರೂ ಅನ್ವಯಿಸುವುದಿಲ್ಲ. ಉಳಿದ ಬಾಕಿ, ಅಸಲು ಮತ್ತು ಬಡ್ಡಿಯ ಮೊತ್ತದಲ್ಲಿ ಶೇಕಡಾ 20ಕ್ಕಿಂತ ಕಡಿಮೆ ಇದ್ದರೂ ಅನ್ವಯಿಸುವುದಿಲ್ಲ. ಸಂತೋಷ. ಆದರೆ ಬೇಲಿಯ ಒಂದು ಗೂಟ ನಮ್ಮ ಕಾಫಿ ಸೀಮೆಯಲ್ಲೇ ಅಲ್ಲಾಡ್ತಾ ಇದೆ. ಕಾಫಿ ತೋಟ ಕೃಷಿ ಜಮೀನೋ, ಪ್ಲಾಂಟೇಷನ್ನೋ? 1961ರ ಭೂ ಸುಧಾರಣೆ ಕಾಯ್ದೆಯಲ್ಲಿ ಕಾಫಿ, ಟೀ, ರಬ್ಬರು, ಏಲಕ್ಕಿ, ಮೆಣಸು ಇವನ್ನು ಪ್ಲಾಂಟೇಷನ್ ಬೆಳೆ ಎಂದು ಬೇರೆ ಇಟ್ಟರು. ಭೂಮಿತಿಯಿಂದ ತೋಟಕ್ಕೆ ವಿನಾಯಿತಿ ಸಿಕ್ಕಿದ್ದು ಆ ಹೆಸರಿನಿಂದ. ಆಗ ಕೊಡೆಯಾಗಿದ್ದ ಹೆಸರು ಸಾಲದ ಕಾಲಕ್ಕೆ ಕೊಡಲಿಯಾಯ್ತು. ‘ಇದು ಪ್ಲಾಂಟೇಷನ್, ಇದು ವಾಣಿಜ್ಯ, ಕೃಷಿ ಅಲ್ಲ’ ಅನ್ನುವ ವಾದ ಹುಟ್ಟಿಕೊಂಡಿತು. ಕಾಫಿ ತೋಟವನ್ನು ಸ್ಪಷ್ಟವಾಗಿ ಈ ಕಾಯ್ದೆಯಿಂದ ಹೊರಗಿಡಿ ಎಂದು ಬೆಳೆಗಾರರ ಸಂಘಟನೆಗಳು ಕೇಂದ್ರ ಸರ್ಕಾರವನ್ನು ಕೇಳುತ್ತ ಬಂದಿವೆ. ಐದೆಕರೆಯಲ್ಲಿ ತಾನೇ ಕಪಾತು ಮಾಡಿ, ತಾನೇ ಹಣ್ಣು ಕೊಯ್ದು ಕಣಕ್ಕೆ ಹೊರುವವನು ಕೃಷಿಕನಲ್ಲದಿದ್ದರೆ ಇನ್ಯಾರು ಸ್ವಾಮಿ?

ಇದರಲ್ಲಿ ನಮಗೊಂದು ಎಚ್ಚರಿಕೆಯೂ ಇದೆ. ಪಹಣಿಯಲ್ಲಿ ಕೃಷಿ ಅಂತ ಬರೆದಿದೆ ಎಂಬುದಷ್ಟೇ ಸಾಲದು, ನಿಜವಾಗಿ ಅಲ್ಲಿ ಕೃಷಿ ನಡೆಯುತ್ತಿದೆಯೇ ಎಂಬುದನ್ನು ನೋಡಬೇಕು ಅಂತ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು. 2023ರ ಜನವರಿಯಲ್ಲಿ ಮತ್ತೆ ಅದನ್ನೇ ಹೇಳಿ, ಕೃಷಿ ಜಮೀನು ಎಂದು ತೋರಿಸುವ ಹೊಣೆ ಸಾಲಗಾರನದು ಎಂದಿತು. ಆದ್ದರಿಂದ ಕಾಫಿ ಮಾರಿದ ಬಿಲ್ಲು, ಗೊಬ್ಬರದ ರಸೀದಿ, ಬೆಳೆ ದಾಖಲಾದ ಪಹಣಿ, ಕಾಫಿ ಬೋರ್ಡಿನ ಕಾಗದ ಇವನ್ನೆಲ್ಲ ಒಂದು ಟ್ರಂಕಿನಲ್ಲಿ ಹಾಕಿಡಿ. ಅಟ್ಟದ ಮೇಲೆ ಇಲಿ ಕಚ್ಚಲು ಬಿಡಬೇಡಿ. ನೋಟೀಸು ಬಂದರೆ ‘ನೋಡೋಣ ಬಿಡು’ ಅಂತ ಗೋಡೆಗೆ ಸಿಕ್ಕಿಸಬೇಡಿ. ಆ 60 ದಿನದೊಳಗೆ ನಿಮ್ಮ ತಕರಾರು ಬರೆದು ಕೊಡಿ. ಬ್ಯಾಂಕು ಅದನ್ನು ಒಪ್ಪದಿದ್ದರೆ 15 ದಿನದೊಳಗೆ ಕಾರಣ ತಿಳಿಸಬೇಕು. ಸ್ವಾಧೀನಕ್ಕೆ ಕೈ ಹಾಕಿದರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ದೂರ ಹೌದು, ಖರ್ಚು ಹೌದು. ಆದರೆ ದಿನ ಮೀರಿದರೆ ಹಕ್ಕೂ ಮೀರುತ್ತದೆ.

ಇನ್ನು ಮೂರನೆಯ ಅರ್ಥ, ಹಿತ. ನಮ್ಮ ವೇದಿಕೆಗಳಲ್ಲಿ ‘ಪಟ್ಟಭದ್ರ ಹಿತಾಸಕ್ತಿಗಳು’ ಅನ್ನದೆ ಭಾಷಣ ಮುಗಿಯೋದಿಲ್ಲ. ಇಂಗ್ಲಿಷಿನ ‘ವೆಸ್ಟೆಡ್ ಇಂಟರೆಸ್ಟ್’ ಎಂಬುದನ್ನೇ ನಾವು ಹಾಗೆ ಮಾಡಿಕೊಂಡದ್ದು. ನಮ್ಮ ಬಾಯಲ್ಲಿ ಅದು ಬೈಗುಳ. ಆದರೆ ತಮಾಷೆ ನೋಡಿ. ಕಾನೂನಿನ ಪುಸ್ತಕದಲ್ಲಿ ವೆಸ್ಟೆಡ್ ಇಂಟರೆಸ್ಟ್ ಬಲು ಒಳ್ಳೆಯ ವಸ್ತು. ಯಾವ ಷರತ್ತಿಗೂ ಕಾಯದೆ ಆಗಲೇ ನಿಮ್ಮಲ್ಲಿ ನೆಲೆಗೊಂಡ ಹಕ್ಕಿಗೆ ಆ ಹೆಸರು. ‘ಹೀಗಾದರೆ ಕೊಡ್ತೀವಿ, ಹಾಗಾದರೆ ಕೊಡ್ತೀವಿ’ ಅನ್ನುವ ಹಕ್ಕಿಗೆ ‘ಕಂಟಿಂಜೆಂಟ್’ ಅಂತಾರೆ. ನಾನು ನೋಡಿದ ಮಟ್ಟಿಗೆ ದೊಡ್ಡವರ ಇಂಟರೆಸ್ಟ್ ಎಲ್ಲ ವೆಸ್ಟೆಡ್, ರೈತರದ್ದೆಲ್ಲ ಕಂಟಿಂಜೆಂಟ್. ಮಳೆ ಬಂದರೆ, ಬೆಲೆ ಬಂದರೆ, ಬಜೆಟ್ಟಿನಲ್ಲಿ ಬಂದರೆ!

‘ಪಬ್ಲಿಕ್ ಇಂಟರೆಸ್ಟ್’ ಎಂದರೆ ಸಾರ್ವಜನಿಕ ಹಿತ. ರಸ್ತೆ ಅಗಲ ಮಾಡಲು ಜಮೀನು ತಗೊಳ್ಳೋದು ಸಾರ್ವಜನಿಕ ಹಿತಕ್ಕೆ. ಸರಿ, ರಸ್ತೆ ಬೇಕು. ಬಣಕಲ್ ನಿಂತಿರುವುದೇ ಚಾರ್ಮಾಡಿ ಘಾಟಿಗೆ ಹೋಗುವ ಹೆದ್ದಾರಿಯ ಮೇಲೆ. ಆದರೆ ಆ ಸಾರ್ವಜನಿಕರಲ್ಲಿ ಜಮೀನು ಕೊಡುವವನು ಸೇರಿದ್ದಾನೋ ಇಲ್ಲವೋ? ಸೇರಿದ್ದಾನೆ ಅಂತ ಕಾನೂನೇ ಹೇಳುತ್ತದೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ, ಅಧಿಸೂಚನೆ ಪ್ರಕಟವಾದ 21 ದಿನದೊಳಗೆ ಜಮೀನಿನಲ್ಲಿ ‘ಇಂಟರೆಸ್ಟೆಡ್’ ಆದ ಯಾರಾದರೂ ತಕರಾರು ಸಲ್ಲಿಸಬಹುದು. ಇಲ್ಲಿ ಇಂಟರೆಸ್ಟೆಡ್ ಎಂದರೆ ಆಸಕ್ತಿ ಉಳ್ಳವನಲ್ಲ, ಹಕ್ಕು ಉಳ್ಳವನು. 2013ರ ಭೂಸ್ವಾಧೀನ ಕಾಯ್ದೆ ಇನ್ನೂ ಮುಂದೆ ಹೋಗಿ, ಗೇಣಿಯ ಹಕ್ಕುಳ್ಳವರನ್ನೂ, ಆ ಭೂಮಿ ಹೋದರೆ ಮುಖ್ಯ ಜೀವನೋಪಾಯಕ್ಕೆ ಪೆಟ್ಟು ಬೀಳುವವರನ್ನೂ ಈ ಮಾತಿನೊಳಗೆ ಸೇರಿಸಿದೆ. ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬಂದ ಪ್ರಕಟಣೆ ನೋಡಿ ‘ನನಗೇನು ಇಂಟರೆಸ್ಟ್ ಇಲ್ಲಪ್ಪ’ ಅಂತ ಮಡಿಸಿಟ್ಟವನ ಇಂಟರೆಸ್ಟು 22ನೇ ದಿನ ಹೋಗಿರುತ್ತದೆ.

ಇನ್ನೊಂದು ಜೋಡಿ ಹೇಳಿ ಈ ಮಾತು ಮುಗಿಸ್ತೀನಿ. ‘ಡಿಸ್‌ಇಂಟರೆಸ್ಟೆಡ್’ ಎಂದರೆ ತನ್ನ ಲಾಭ ನೋಡದವನು. ‘ಅನ್‌ಇಂಟರೆಸ್ಟೆಡ್’ ಎಂದರೆ ಗಮನವೇ ಕೊಡದವನು. ಪಂಚಾಯ್ತಿ ಕಟ್ಟೆಗೆ, ಸೊಸೈಟಿಯ ಆಡಳಿತ ಮಂಡಳಿಗೆ ನಮಗೆ ಬೇಕಾದವನು ಮೊದಲನೆಯವನು. ನಾವು ಆರಿಸಿ ಕಳಿಸುವುದು ಹಲವು ಸಲ ಎರಡನೆಯವನನ್ನು.

ಹಾಗಾದರೆ ನಾವು ಮಾಡಬೇಕಾದ್ದೇನು? ಇಂಗ್ಲಿಷ್ ಕಲಿತು ವಕೀಲರಾಗಬೇಕಾಗಿಲ್ಲ. ಸಾಲದ ಕಾಗದದಲ್ಲಿ ಆ ಮಾತು ಕಂಡಲ್ಲೆಲ್ಲ ಬೆರಳಿಟ್ಟು ಮೂರು ಪ್ರಶ್ನೆ ಕೇಳಿ. ಇದು ಬಡ್ಡಿಯೋ, ಹಕ್ಕೋ? ಬಡ್ಡಿಯಾದರೆ ವರ್ಷಕ್ಕೆ ಎಷ್ಟು, ಯಾವುದರ ಮೇಲೆ, ಎಷ್ಟು ತಿಂಗಳಿಗೊಮ್ಮೆ ಅಸಲಿಗೆ ಸೇರಿಸ್ತೀರಿ? ಹಕ್ಕಾದರೆ ಯಾವ ಸರ್ವೆ ನಂಬರು, ಎಷ್ಟು ಎಕರೆ, ಸಾಲ ತೀರಿದ ಮೇಲೆ ಪಹಣಿಯಿಂದ ಯಾವಾಗ ತೆಗೆಸ್ತೀರಿ? ಎರಡು ಲಕ್ಷದ ಸಾಲಕ್ಕೆ ಇಡೀ ಹತ್ತೆಕರೆಯ ಹಕ್ಕು ಯಾಕೆ ಬೇಕು ಅಂತಲೂ ಕೇಳಿ. ಕೇಳಿದ್ದಕ್ಕೆ ಯಾರೂ ಜೈಲಿಗೆ ಹಾಕೋದಿಲ್ಲ.

ಸಾಲದ ಒಪ್ಪಂದದ ಪ್ರತಿಯನ್ನು ಸಾಲಗಾರನಿಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2003ರಲ್ಲೇ ಹೇಳಿದೆ. ಕೇಳಿ ತಗೊಳ್ಳಿ. 2024ರ ಅಕ್ಟೋಬರ್‌ನಿಂದ ಹೊಸ ಚಿಲ್ಲರೆ ಸಾಲಗಳಿಗೆ ಮತ್ತು ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೆ, ಮುಖ್ಯ ಸಂಗತಿಗಳನ್ನೆಲ್ಲ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು ಎಂಬ ನಿಯಮ ಬಂದಿದೆ. ಪೇಟೆಯಲ್ಲಿ ಫ್ರಿಜ್ಜಿಗೆ ಸಾಲ ಮಾಡುವವನಿಗೆ ಈ ಸೌಕರ್ಯ ಸಿಗಬಹುದಾದರೆ, ತೋಟ ಅಡ ಇಡುವ ರೈತನಿಗೆ ಯಾಕೆ ಬೇಡ? ಪ್ರತಿ ಬೆಳೆ ಸಾಲಕ್ಕೂ, ಪ್ರತಿ ಭೂಮಿ ಅಡಮಾನಕ್ಕೂ ಒಂದು ಹಾಳೆ ಕನ್ನಡದಲ್ಲಿ ಇರಲಿ. ಆ ಹಾಳೆಯಲ್ಲಿ ಇಂಟರೆಸ್ಟ್ ಎಂಬ ಮಾತೇ ಬೇಡ. ಬಡ್ಡಿಗೆ ಬಡ್ಡಿ ಅನ್ನಿ, ದಂಡಕ್ಕೆ ದಂಡ ಅನ್ನಿ, ಹಕ್ಕಿಗೆ ಹಕ್ಕು ಅನ್ನಿ. ಕನ್ನಡಕ್ಕೆ ಪದಗಳ ಬಡತನ ಇಲ್ಲ. ಒಂದೊಂದಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡಿರುವ ಭಾಷೆ ನಮ್ಮದು. ಹಾಗಿದ್ದೂ ಎಲ್ಲವನ್ನೂ ಒಂದೇ ಮಾತಿನಲ್ಲಿ ಮುಚ್ಚಿಟ್ಟ ಕಾಗದಕ್ಕೆ ನಾವು ಯಾಕೆ ರುಜು ಹಾಕಬೇಕು? ಇದನ್ನು ಇವತ್ತಿನ ಸಭೆಯ ಬೇಡಿಕೆಗಳಲ್ಲಿ ಒಂದಾಗಿ ಸೇರಿಸಬೇಕು ಅಂತ ಅಧ್ಯಕ್ಷರಲ್ಲಿ ಕೇಳಿಕೊಳ್ತೀನಿ.

ಮತ್ತೆ ಆ ಲ್ಯಾಟಿನ್ ಮಾತಿಗೆ ಬಂದರೆ, ಇಂಟರೆಸ್ಟ್ ಅಂದರೆ ನಡುವೆ ಇರುವುದು. ನಡುವೆ ಅಂದಮೇಲೆ ಎರಡು ಕಡೆ ಇರಬೇಕು. ಸಾಲ ಕೊಟ್ಟವನ ಹಿತ ಒಂದು ಕಡೆ, ಬೆಳೆದವನ ಹಿತ ಇನ್ನೊಂದು ಕಡೆ. ಈಗಿನ ಕಾಗದದಲ್ಲಿ ಬಡ್ಡಿ ಅವರದು, ಹಕ್ಕು ಅವರದು, ಹಿತವೂ ಅವರದು. ನಮ್ಮ ಕಡೆಯದ್ದು ರುಜು ಮಾತ್ರ. ಆ ರುಜು ಹಾಕುವ ಮೊದಲು ಪೆನ್ನನ್ನು ಒಂದು ಗಳಿಗೆ ಮೇಜಿನ ಮೇಲಿಟ್ಟು, ‘ಇದನ್ನು ಕನ್ನಡದಲ್ಲಿ ಓದಿ ಹೇಳಿ ಸಾರ್’ ಅನ್ನಿ. ಒಬ್ಬ ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ಊರಿನವರೆಲ್ಲ ಅಂದರೆ ಓದಿ ಹೇಳಲೇಬೇಕಾಗುತ್ತದೆ.

ಇಷ್ಟು ಹೊತ್ತು ಇಂಟರೆಸ್ಟ್ ಇಟ್ಟು ಕೇಳಿದ್ದೀರಿ. ಅದಕ್ಕೆ ಬಡ್ಡಿ ಸೇರಿಸದೆ ನನ್ನ ನಮಸ್ಕಾರ ಸಲ್ಲಿಸ್ತೀನಿ.